ಎನ್‌ಎಸ್‌ಎಸ್, ಇಂಟರ್ನ್‌ಶಿಪ್, ಫೆಲೋಶಿಪ್: ಮಂಗಳೂರು, ಉಡುಪಿಯ ವಿದ್ಯಾರ್ಥಿಗಳು ಯಾವುದನ್ನು ಆರಿಸಿಕೊಳ್ಳಬೇಕು?

ಡಿಗ್ರಿ ಓದುತ್ತಲೇ ಊರಿಗೆ, ವಾರ್ಡಿಗೆ ಉಪಯೋಗ ಆಗುವಂಥದ್ದು ಏನಾದರೂ ಮಾಡಬೇಕು ಎಂದುಕೊಳ್ಳುವ ಹುಡುಗ ಹುಡುಗಿಯರು ನಮ್ಮ ಕರಾವಳಿಯಲ್ಲಿ ತುಂಬಾ ಇದ್ದಾರೆ. ಅವರ ಮುಂದೆ ಈಗ ದಾರಿಗಳೂ ಜಾಸ್ತಿ. ಕಾಲೇಜಿನಲ್ಲೇ ಎನ್‌ಎಸ್‌ಎಸ್ ಘಟಕ ಇರುತ್ತದೆ. ರಜೆಯಲ್ಲಿ ಒಂದು ಸಂಸ್ಥೆಗೆ ಹೋಗಿ ಇಂಟರ್ನ್‌ಶಿಪ್ ಮಾಡಬಹುದು. ಓದಿನ ಜೊತೆಗೇ ವಾರಕ್ಕೆ ಇಷ್ಟು ಗಂಟೆ ಎಂದು ವರ್ಷವಿಡೀ ಒಂದು ಸಂಸ್ಥೆಯಲ್ಲಿ ದುಡಿಯುವ ಫೆಲೋಶಿಪ್ ಮಾಡಬಹುದು. ಡಿಗ್ರಿ ಮುಗಿದ ಮೇಲೆ ಒಂದೆರಡು ವರ್ಷ ಪೂರ್ತಿ ಕೊಡುವ ದೊಡ್ಡ ಫೆಲೋಶಿಪ್‌ಗಳೂ ಇವೆ. ಎಲ್ಲದರ ಪೋಸ್ಟರ್‌ನಲ್ಲೂ ನಾಯಕತ್ವ, ಬದಲಾವಣೆ, ಸಮುದಾಯ ಎಂಬ ಮಾತುಗಳೇ ಇರುತ್ತವೆ. ಪೋಸ್ಟರ್ ನೋಡಿ ಆರಿಸುವುದು ಕಷ್ಟ.

ಕಾಲೇಜು ವಿದ್ಯಾರ್ಥಿಗಳನ್ನು ಸಂಸ್ಥೆಗಳ ಜೊತೆ ಜೋಡಿಸುವ ಕೆಲಸದಲ್ಲಿ ನಾನು ಕೆಲವು ವರ್ಷಗಳಿಂದ ಇದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಾಧ್ಯ ಇರುವವರು ಒಂದೇ ಜಾಗದಲ್ಲಿ, ಒಂದೇ ಸಂಸ್ಥೆಯ ಜೊತೆ, ಕನಿಷ್ಠ ಒಂದು ವರ್ಷ ನಿಲ್ಲುವ ದಾರಿ ಹಿಡಿಯಬೇಕು. ವಾರಕ್ಕೆ ನಾಲ್ಕೈದು ಗಂಟೆಯಾದರೂ ಸಾಕು. ಹೆಸರು ಎಷ್ಟು ದೊಡ್ಡದು, ಸರ್ಟಿಫಿಕೇಟಿನಲ್ಲಿ ಯಾರ ಸಹಿ ಇರುತ್ತದೆ ಎಂಬುದೆಲ್ಲ ಆಮೇಲಿನ ಮಾತು. ಆದರೆ ಒಂದು ವರ್ಷ ನಿಲ್ಲುವುದು ಎಲ್ಲರ ಕೈಯಲ್ಲೂ ಇರುವುದಿಲ್ಲ. ಮನೆ, ಬಸ್ಸು, ದುಡ್ಡು, ಅಟೆಂಡೆನ್ಸ್ ಎಲ್ಲ ನೋಡಬೇಕಲ್ವಾ? ಅದಕ್ಕೇ ಈ ಹೋಲಿಕೆ.

ನಾಲ್ಕು ದಾರಿಗಳು

ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ಎಲ್ಲರಿಗೂ ಗೊತ್ತಿರುವುದು. ಗಾಂಧೀಜಿಯವರ ಜನ್ಮಶತಮಾನದ ವರ್ಷವಾದ 1969ರಲ್ಲಿ, ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಯೋಜನೆ ಇದು. ಸೇರಿದವರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮಾಡಬೇಕು. ಜೊತೆಗೆ ಏಳು ದಿನಗಳ ವಿಶೇಷ ಶಿಬಿರ. ಖರ್ಚು ಹೆಚ್ಚೇನಿಲ್ಲ. ಮನೆಯಲ್ಲಿ ಒಪ್ಪಿಸುವುದು ಸುಲಭ. ಲೆಕ್ಚರರ್ ಒಬ್ಬರೇ ಯೋಜನಾಧಿಕಾರಿ ಆಗಿರುವುದರಿಂದ ಅಟೆಂಡೆನ್ಸ್ ತೊಂದರೆಯೂ ಕಡಿಮೆ. ಹಿಂಜರಿಕೆ ಇರುವವರಿಗೆ, ಮನೆಯಿಂದ ಒಂದು ರಾತ್ರಿಯೂ ಹೊರಗೆ ಉಳಿಯದವರಿಗೆ ಆ ಏಳು ದಿನಗಳ ಶಿಬಿರ ದೊಡ್ಡ ಅನುಭವ. ಸರ್ಕಾರಿ ಶಾಲೆಯ ಜಗಲಿಯಲ್ಲಿ ಮಲಗಿ, ಸಾಲು ನಿಂತು ಬಡಿಸಿ, ಬೆಳಿಗ್ಗೆ ಶ್ರಮದಾನಕ್ಕೆ ಹೋದವರು ಅದನ್ನು ಮರೆಯುವುದಿಲ್ಲ. ಇದರ ಕೊರತೆ ಏನೆಂದರೆ, ಕೆಲಸ ಯಾವುದೆಂದು ತೀರ್ಮಾನಿಸುವುದು ಕಾಲೇಜು. ಈ ವಾರ ರಕ್ತದಾನ, ಮುಂದಿನ ವಾರ ಸಸಿ ನೆಡುವುದು, ಆಮೇಲೆ ಜಾಥಾ. ಒಂದರ ಬೆನ್ನು ಹಿಡಿದು ಹೋಗಲು ಅವಕಾಶ ಸಿಗುವುದು ಅಪರೂಪ. ಒಳ್ಳೆಯ ಯೋಜನಾಧಿಕಾರಿ ಇದ್ದು, ದತ್ತು ಪಡೆದ ಹಳ್ಳಿಗೆ ವರ್ಷವಿಡೀ ಹೋಗುವ ಘಟಕವಾದರೆ ಮಾತು ಬೇರೆ. ಅಂಥ ಘಟಕ ನಿಮ್ಮ ಕಾಲೇಜಿನಲ್ಲಿ ಇದ್ದರೆ ಬೇರೆ ಕಡೆ ಹುಡುಕುವ ಅಗತ್ಯವೇ ಇಲ್ಲ.

ರಜೆಯ ಇಂಟರ್ನ್‌ಶಿಪ್ ನಾಲ್ಕರಿಂದ ಎಂಟು ವಾರದ್ದು. ಕೆಲವು ಕೋರ್ಸ್‌ಗಳಲ್ಲಿ ಇದಕ್ಕೆ ಕ್ರೆಡಿಟ್ ಸಿಗುತ್ತದೆ. ವಿಟಿಯು ಅಡಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಡಿಗ್ರಿ ಮುಗಿಸಲು, ಪಾಠದ ಹೊರಗಿನ ಚಟುವಟಿಕೆಗಳಿಗೆ ಸಿಗುವ 100 ಆ್ಯಕ್ಟಿವಿಟಿ ಪಾಯಿಂಟ್ ಬೇಕು. ಅದಕ್ಕಾಗಿಯೂ ತುಂಬಾ ಜನ ಸಂಸ್ಥೆಗಳ ಬಾಗಿಲು ತಟ್ಟುತ್ತಾರೆ. ಪಾಯಿಂಟಿಗಾಗಿ ಬರುವುದು ತಪ್ಪೇನಲ್ಲ. ಬಂದ ಮೇಲೆ ಏನು ಮಾಡುತ್ತಾರೆ ಎಂಬುದೇ ಮುಖ್ಯ. ಇಂಟರ್ನ್‌ಶಿಪ್‌ನ ಬಲ ಇರುವುದು ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ ಇರುವುದರಲ್ಲಿ. ಸಂಸ್ಥೆಯ ಕಚೇರಿ ಹೇಗೆ ನಡೆಯುತ್ತದೆ, ದುಡ್ಡು ಎಲ್ಲಿಂದ ಬರುತ್ತದೆ, ವರದಿ ಯಾರಿಗೆ ಹೋಗುತ್ತದೆ ಎಲ್ಲ ಕಾಣಿಸುತ್ತದೆ. ಕೊರತೆ ಎಂದರೆ ಜನರ ಪರಿಚಯ ಆಗುವ ಹೊತ್ತಿಗೆ ರಜೆ ಮುಗಿದಿರುತ್ತದೆ.

ಮೂರನೆಯದು ಓದಿನ ಜೊತೆಗಿನ ಫೆಲೋಶಿಪ್. ಈ ಲೇಖನದ ಮುಖ್ಯ ವಿಷಯವೇ ಇದು. ಅಮೆರಿಕದ ಕಾಲೇಜುಗಳಲ್ಲಿ ಈ ಕ್ರಮ ಚೆನ್ನಾಗಿ ಬೇರೂರಿದೆ. ಅಲ್ಲಿನ ಬೆರಿಯಾ ಕಾಲೇಜಿನಲ್ಲಿ 1990ರಲ್ಲಿ ಶುರುವಾದ ಬಾನರ್ ಕಾರ್ಯಕ್ರಮದಲ್ಲಿ, ಮನೆಯಲ್ಲಿ ಅನುಕೂಲ ಕಡಿಮೆ ಇರುವ ವಿದ್ಯಾರ್ಥಿಗಳಿಗೆ ಓದಿನ ಖರ್ಚಿಗೆ ನೆರವು ಸಿಗುತ್ತದೆ. ಅವರು ವಾರಕ್ಕೆ ಸುಮಾರು ಹತ್ತು ಗಂಟೆ ಒಂದು ಸಮುದಾಯ ಸಂಸ್ಥೆಯಲ್ಲಿ ಕೆಲಸ ಮಾಡುತ್ತಾರೆ. ಡಿಗ್ರಿಯ ನಾಲ್ಕೂ ವರ್ಷ ಇದು ನಡೆಯುತ್ತದೆ. ಇದರಲ್ಲಿ ನನಗೆ ಇಷ್ಟವಾಗುವ ಅಂಶ ದುಡ್ಡು ಮತ್ತು ಅವಧಿ ಎರಡೂ ಒಟ್ಟಿಗೆ ಇರುವುದು. ನಮ್ಮಲ್ಲಿ ಇದಕ್ಕೆ ತೀರಾ ಹತ್ತಿರ ಇರುವುದು ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ವಿದ್ಯಾರ್ಥಿಗಳ ಫೀಲ್ಡ್ ವರ್ಕ್. ಮಂಗಳೂರಿನ ರೋಶನಿ ನಿಲಯ ಸಮಾಜಕಾರ್ಯ ಕಾಲೇಜು 1960ರಿಂದ ಇದೆ. ಅಲ್ಲಿನ ವಿದ್ಯಾರ್ಥಿಗಳು ಬಸ್ಸು ಹತ್ತಿ ಸಂಸ್ಥೆಗಳಿಗೆ ಹೋಗುವುದನ್ನು ಈ ಊರು ಎಷ್ಟೋ ವರ್ಷಗಳಿಂದ ನೋಡಿದೆ. ಬಿ.ಕಾಂ., ಬಿ.ಎಸ್ಸಿ., ಇಂಜಿನಿಯರಿಂಗ್ ಓದುವವರಿಗೆ ಅಂಥ ಕಟ್ಟುನಿಟ್ಟಿನ ವ್ಯವಸ್ಥೆ ಸಿದ್ಧವಾಗಿ ಸಿಗುವುದು ಕಡಿಮೆ. ಫೆಲೋಶಿಪ್ ಎಂಬ ಹೆಸರಿನ ಪ್ರಕಟಣೆ ಬಂದರೆ ಸರಿ. ಬರದಿದ್ದರೆ ನೀವೇ ಕಟ್ಟಿಕೊಳ್ಳಬೇಕಾಗುತ್ತದೆ. ಹೇಗೆಂದು ಮುಂದೆ ಹೇಳುತ್ತೇನೆ.

ನಾಲ್ಕನೆಯದು ಡಿಗ್ರಿ ಆದ ಮೇಲಿನ ದೊಡ್ಡ ಫೆಲೋಶಿಪ್‌ಗಳು. ಇದನ್ನು ಬೇಗ ಮುಗಿಸುತ್ತೇನೆ. ಶಾಲೆಯಲ್ಲಿ ಪಾಠ ಮಾಡುವ ಟೀಚ್ ಫಾರ್ ಇಂಡಿಯಾ ಎರಡು ವರ್ಷದ್ದು. ಹಳ್ಳಿಗಳಲ್ಲಿ ಕೆಲಸ ಮಾಡುವ ಎಸ್‌ಬಿಐ ಯೂತ್ ಫಾರ್ ಇಂಡಿಯಾ 13 ತಿಂಗಳಿನದು, 2011ರಿಂದ ನಡೆಯುತ್ತಿದೆ. ಗಾಂಧಿ ಫೆಲೋಶಿಪ್ ಹೆಚ್ಚು ಕಡಿಮೆ ಎರಡು ವರ್ಷದ್ದು. ಸಂಸದರ ಜೊತೆ ದೆಹಲಿಯಲ್ಲಿ ಕೆಲಸ ಮಾಡುವ ಲ್ಯಾಂಪ್ ಫೆಲೋಶಿಪ್ ಇದೆ. ಎಲ್ಲವೂ ಡಿಗ್ರಿ ಆದವರಿಗೆ, ಪೂರ್ತಿ ಹೊತ್ತಿನ ಕೆಲಸ, ತಿಂಗಳಿಗೆ ಸ್ಟೈಪೆಂಡ್. ಊರು ಬಿಡಬೇಕಾಗುತ್ತದೆ. ಸೆಕೆಂಡ್ ಇಯರ್‌ನಲ್ಲಿ ಇರುವವರು ಇವುಗಳನ್ನು ಎನ್‌ಎಸ್‌ಎಸ್ ಜೊತೆ ಹೋಲಿಸಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಒಂದಾದ ಮೇಲೆ ಇನ್ನೊಂದು ಮಾಡಬಹುದು. ಈ ದೊಡ್ಡ ಫೆಲೋಶಿಪ್‌ಗಳ ಸಂದರ್ಶನದಲ್ಲಿ ಕೇಳುವುದೂ ನೀವು ಒಂದು ಕಡೆ ನಿಂತು ಏನು ಮಾಡಿದ್ದೀರಿ ಎಂದೇ.

ಕಸದ ವಿಷಯ ತೆಗೆದುಕೊಳ್ಳೋಣ

ನಾಲ್ಕು ದಾರಿಗಳ ವ್ಯತ್ಯಾಸ ತಿಳಿಯಲು ಒಂದೇ ವಿಷಯವನ್ನು ಇಟ್ಟುಕೊಂಡು ನೋಡುವುದು ಒಳ್ಳೆಯದು. ಮಂಗಳೂರಿನವರಿಗೆ ಕಸ ಸಣ್ಣ ವಿಷಯ ಅಲ್ಲ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಪಚ್ಚನಾಡಿಯ ಕಸದ ರಾಶಿ ಕುಸಿದು ಕೆಳಗಿನ ಮಂದಾರ ಪ್ರದೇಶದ ಮೇಲೆ ಜಾರಿತು. ಮನೆಗಳು, ತೋಟಗಳು ಅದರಡಿ ಹೋದವು. ಅಲ್ಲಿನ ಜನ ತಮ್ಮದಲ್ಲದ ಕಸಕ್ಕೆ ಮನೆ ಬಿಟ್ಟರು. ನಾವು ಮನೆಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡದೆ ಕೊಟ್ಟದ್ದೂ ಆ ರಾಶಿಯಲ್ಲಿ ಇತ್ತು.

ಈ ವಿಷಯಕ್ಕೆ ಎನ್‌ಎಸ್‌ಎಸ್ ಮೂಲಕ ಹೋದರೆ ನೀವು ಪಣಂಬೂರಿನಲ್ಲೋ ಮಲ್ಪೆಯಲ್ಲೋ ಬೀಚ್ ಸ್ವಚ್ಛ ಮಾಡುತ್ತೀರಿ. ಒಂದು ಬೆಳಿಗ್ಗೆ ನೂರು ಜನ ಸೇರಿದರೆ ಎಷ್ಟು ಚೀಲ ತುಂಬುತ್ತದೆ ಎಂದು ಕಣ್ಣಾರೆ ಕಾಣುತ್ತದೆ. ಮಂಗಳೂರಿನ ರಾಮಕೃಷ್ಣ ಮಿಷನ್ ನಡೆಸಿದ ಭಾನುವಾರದ ಸ್ವಚ್ಛತಾ ಶ್ರಮದಾನಗಳಲ್ಲಿ ಪೊರಕೆ ಹಿಡಿದವರಿಗೂ ಈ ಅನುಭವ ಇದೆ. ಇದು ಬೇಕು. ಕಸವನ್ನು ಕೈಯಲ್ಲಿ ಮುಟ್ಟಿದವರು ಮತ್ತೆ ರಸ್ತೆಗೆ ಎಸೆಯುವುದು ಕಷ್ಟ.

ಇಂಟರ್ನ್‌ಶಿಪ್ ಮೂಲಕ ಹೋದರೆ ಒಂದು ವಾರ್ಡಿನ ಸರ್ವೆ ಮಾಡಬಹುದು. ಎಷ್ಟು ಮನೆಯವರು ಬೇರ್ಪಡಿಸಿ ಕೊಡುತ್ತಾರೆ, ಫ್ಲಾಟ್‌ಗಳಲ್ಲಿ ಏನಾಗುತ್ತದೆ, ಅಂಗಡಿಯವರು ಎಲ್ಲಿ ಹಾಕುತ್ತಾರೆ. ಒಳ್ಳೆಯ ವರದಿ ಆಗುತ್ತದೆ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಸುತ್ತಲಿನ ಪಂಚಾಯತಿಗಳ ಒಣ ಕಸ ಬಂದು ಸೇರುವ, ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕ ಇದೆ. ಕುಂದಾಪುರ ಕಡೆಯ ವಂಡ್ಸೆ ಪಂಚಾಯತಿ ಹಸಿ ಕಸ, ಒಣ ಕಸದ ನಿರ್ವಹಣೆಗೆ ಹೆಸರಾದದ್ದು. ಅಂಥ ಕಡೆ ನಾಲ್ಕು ವಾರ ಇದ್ದು ಲೆಕ್ಕ ಪುಸ್ತಕ ನೋಡಿದರೆ, ಪ್ಲಾಸ್ಟಿಕ್ಕಿನಲ್ಲಿ ಯಾವುದಕ್ಕೆ ಬೆಲೆ ಇದೆ, ಯಾವುದನ್ನು ಯಾರೂ ಕೊಳ್ಳುವುದಿಲ್ಲ ಎಂದು ತಿಳಿಯುತ್ತದೆ. ಇದು ಕ್ಲಾಸ್‌ರೂಮಿನಲ್ಲಿ ಸಿಗದ ಪಾಠ.

ವರ್ಷವಿಡೀ ಒಂದೇ ವಾರ್ಡಿನಲ್ಲಿ ಇದ್ದರೆ ಏನಾಗುತ್ತದೆ? ಮೊದಲ ತಿಂಗಳು ಬೆಳಿಗ್ಗೆ ಕಸದ ಗಾಡಿಯ ಹಿಂದೆ ಹೋಗುತ್ತೀರಿ. ಗಾಡಿಯವರು ನಿಮ್ಮ ಜೊತೆ ಸರಿಯಾಗಿ ಮಾತಾಡಲು ಎರಡನೇ ತಿಂಗಳಾಗುತ್ತದೆ. ಆಗ ಅವರು ಹೇಳುತ್ತಾರೆ, ಬೇರೆ ಮಾಡಿ ಕೊಟ್ಟರೂ ಗಾಡಿಯಲ್ಲಿ ಬೇರೆ ಇಡಲು ಜಾಗ ಇಲ್ಲ ಎಂದು. ಗ್ಲೌಸ್ ಹರಿದು ಎಷ್ಟು ದಿನ ಆಯಿತು ಎಂದು. ಸರ್ವೆಯ ಫಾರ್ಮಿನಲ್ಲಿ ಈ ಮಾತು ಬರುವುದಿಲ್ಲ, ಏಕೆಂದರೆ ಫಾರ್ಮಿನಲ್ಲಿ ಮನೆಯವರಿಗೆ ಮಾತ್ರ ಪ್ರಶ್ನೆ ಇರುತ್ತದೆ. ನಾಲ್ಕನೇ ತಿಂಗಳಿಗೆ ನಿಮಗೆ ಆ ಬೀದಿಯಲ್ಲಿ ಯಾರು ಮಾತು ಕೇಳುತ್ತಾರೆ, ಯಾರ ಮಾತನ್ನು ಉಳಿದವರು ಕೇಳುತ್ತಾರೆ ಎಂದು ಗೊತ್ತಾಗಿರುತ್ತದೆ. ಗಾಡಿಯ ಬಗ್ಗೆ ಪಾಲಿಕೆಗೆ ಒಂದು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಬಹುದು. 10 ರೂಪಾಯಿ ಶುಲ್ಕ, ಕರ್ನಾಟಕದ ನಿಯಮದಂತೆ 150 ಪದದ ಒಳಗೆ ಒಂದೇ ವಿಷಯ, 30 ದಿನದಲ್ಲಿ ಉತ್ತರ ಬರಬೇಕು. ಆ ಉತ್ತರ ಹಿಡಿದು ಬೀದಿಯವರೇ ಪಾಲಿಕೆಗೆ ಹೋದರೆ ಅದು ಅವರ ಕೆಲಸವಾಗುತ್ತದೆ. ನೀವು ಮರು ವರ್ಷ ಇಲ್ಲದಿದ್ದರೂ ಅವರು ಇರುತ್ತಾರೆ.

ಡಿಗ್ರಿ ಆದ ಮೇಲಿನ ಫೆಲೋಶಿಪ್‌ನಲ್ಲೂ ಇದೇ ಕೆಲಸ ಸಿಗಬಹುದು. ಆದರೆ ಬೇರೆ ರಾಜ್ಯದ, ಬೇರೆ ಭಾಷೆಯ ಊರಲ್ಲಿ. ಅದು ಬೇರೆ ರೀತಿಯ ಕಲಿಕೆ.

ವಾರಕ್ಕೆ ನಾಲ್ಕು ಗಂಟೆಯಂತೆ ಮೂವತ್ತು ವಾರ ಮಾಡಿದರೆ 120 ಗಂಟೆ. ಎನ್‌ಎಸ್‌ಎಸ್‌ನ ಒಂದು ವರ್ಷದ ಲೆಕ್ಕವೂ ಅಷ್ಟೇ. ಗಂಟೆ ಒಂದೇ ಆದರೂ ಹತ್ತು ಜಾಗಕ್ಕೆ ಹಂಚಿ ಹೋಗುವುದಕ್ಕೂ ಒಂದೇ ಬೀದಿಯಲ್ಲಿ ಕೂಡಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ.

ಜನರ ಹೊತ್ತು, ನಿಮ್ಮ ಬಸ್ಸು

ಹೆಚ್ಚಿನವರು ಕೈ ಬಿಡುವುದು ಆಸಕ್ತಿ ಹೋಗಿ ಅಲ್ಲ, ಹೊತ್ತು ಹೊಂದದೆ. ಕಾಲೇಜು ಬಿಡುವುದು ಮೂರೂವರೆಗೋ ನಾಲ್ಕಕ್ಕೋ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಬಸ್ಸು ಹತ್ತಿ ಮುಡಿಪು ಕಡೆಗೆ ಹೋಗಿ, ಅಲ್ಲಿಂದ ಒಳರಸ್ತೆ ಹಿಡಿದು, ಕೆಲಸ ಮಾಡಿ, ಕತ್ತಲಾಗುವುದರೊಳಗೆ ಹಾಸ್ಟೆಲ್ ಸೇರಬೇಕು ಎಂದರೆ ಕೈಗೆ ಸಿಗುವುದು ಒಂದು ಗಂಟೆ. ಉಡುಪಿಯಲ್ಲಿ ಮಣಿಪಾಲದ ಟೈಗರ್ ಸರ್ಕಲ್‌ನಿಂದ ಮಲ್ಪೆಗೆ ಹೋಗುವವರ ಕಥೆಯೂ ಹೆಚ್ಚು ಬೇರೆಯಲ್ಲ. ಕೊನೆಯ ಬಸ್ಸು ಎಷ್ಟಕ್ಕೆ ಎಂದು ತಿಳಿಯದೆ ಯಾವ ಕೆಲಸಕ್ಕೂ ಒಪ್ಪಬೇಡಿ. ಹುಡುಗಿಯರಿಗಂತೂ ಮನೆಯವರು ಕೇಳುವ ಮೊದಲ ಪ್ರಶ್ನೆಯೇ ಅದು. ದೂರದ ಹೆಸರುವಾಸಿ ಸಂಸ್ಥೆಗಿಂತ ಕಾಲೇಜಿಗೂ ಮನೆಗೂ ನಡುವಿನ ದಾರಿಯಲ್ಲಿ ಇರುವ ಸಣ್ಣ ಸಂಸ್ಥೆ ಎಷ್ಟೋ ಒಳ್ಳೆಯದು. ಪಾಸ್ ಇರುವ ರೂಟಿನಲ್ಲೇ ಇದ್ದರೆ ಖರ್ಚೂ ಇಲ್ಲ.

ಇನ್ನು ಜನರ ಹೊತ್ತು. ಬೀಡಿ ಕಟ್ಟುವ ಮನೆಗಳಲ್ಲಿ, ಕಟ್ಟಿದ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಕೊಂಡು ಹೋಗುವ ಮೊದಲು ಯಾರಿಗೂ ಪುರುಸೊತ್ತಿಲ್ಲ. ಅಡಿಕೆ ಕೊಯ್ಲಿನ ಸಮಯದಲ್ಲಿ ತೋಟದ ಮನೆಯವರು ಸಿಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಬೋಟಿನವರು ದಡದಲ್ಲಿ ಇರುತ್ತಾರೆ, ನಾಡದೋಣಿಯವರು ಮಾತ್ರ ಕಡಲಿಗೆ ಇಳಿಯುತ್ತಾರೆ. ಮಲ್ಪೆ, ಗಂಗೊಳ್ಳಿ ಕಡೆ ಬೋಟಿನವರ ಕುಟುಂಬಗಳ ಜೊತೆ ಕೂತು ಮಾತಾಡಬೇಕಾದ ಕೆಲಸ ಇದ್ದರೆ ಆ ಎರಡು ತಿಂಗಳೇ ಸರಿ. ಆದರೆ ನಮ್ಮ ಬೇಸಿಗೆ ಇಂಟರ್ನ್‌ಶಿಪ್ ಎಲ್ಲ ಏಪ್ರಿಲ್, ಮೇ ತಿಂಗಳಲ್ಲಿ. ಆಗ ಊರಲ್ಲಿ ಮದುವೆ, ನೇಮ, ಜಾತ್ರೆ, ಯಕ್ಷಗಾನ. ಸಂಜೆ ಸಭೆ ಕರೆದರೆ ಯಾರೂ ಬರುವುದಿಲ್ಲ, ಬರಬೇಕು ಎಂದು ನಿರೀಕ್ಷಿಸುವುದೂ ಸರಿಯಲ್ಲ. ಮಳೆಗಾಲದಲ್ಲಿ ಜಿಲ್ಲಾಡಳಿತ ರಜೆ ಘೋಷಿಸಿದ ದಿನ ಫೀಲ್ಡಿಗೂ ಹೋಗಬಾರದು. ಹೊಳೆ ದಾಟಿ ಹೋಗುವ ಜಾಗವಾದರೆ ಇದು ಜೀವದ ಪ್ರಶ್ನೆ. ವರ್ಷದ ಫೆಲೋಶಿಪ್‌ನಲ್ಲಿ ಈ ಏರುಪೇರನ್ನೆಲ್ಲ ನುಂಗಿಕೊಳ್ಳಲು ಸಮಯ ಇರುತ್ತದೆ, ನಾಲ್ಕು ವಾರದ ಇಂಟರ್ನ್‌ಶಿಪ್‌ನಲ್ಲಿ ಇರುವುದಿಲ್ಲ.

ಭಾಷೆಯೂ ಒಂದು ವಿಷಯ. ತುಳು, ಬ್ಯಾರಿ, ಕೊಂಕಣಿ, ಕುಂದಗನ್ನಡ ಎಲ್ಲ ಇರುವ ಜಾಗ ಇದು. ಹೊರಗಿನಿಂದ ಬಂದು ಮಣಿಪಾಲದಲ್ಲೋ ದೇರಳಕಟ್ಟೆಯಲ್ಲೋ ಓದುವವರು ಶುರುವಿನಲ್ಲಿ ಕನ್ನಡ ಶಾಲೆ, ಅಂಗನವಾಡಿ, ಗ್ರಾಮ ಪಂಚಾಯತಿಯ ಗ್ರಂಥಾಲಯವಾದ ಅರಿವು ಕೇಂದ್ರದಂಥ ಕಡೆ ಸೇರುವುದು ಒಳ್ಳೆಯದು. ಅಲ್ಲಿ ಕನ್ನಡವೇ ನಡೆಯುತ್ತದೆ, ಮಕ್ಕಳೇ ತುಳು ಕಲಿಸುತ್ತಾರೆ.

ದುಡ್ಡಿನ ಮಾತು

ಸೇವೆ ಎಂದ ಮೇಲೆ ದುಡ್ಡು ಕೇಳಬಾರದು ಎಂಬ ಭಾವನೆ ನಮ್ಮಲ್ಲಿ ಇದೆ. ನಾನು ಇದನ್ನು ಒಪ್ಪುವುದಿಲ್ಲ. ಶನಿವಾರ, ಭಾನುವಾರ ಕ್ಯಾಟರಿಂಗ್‌ಗೆ ಹೋಗಿ ಫೀಸು ಹೊಂದಿಸುವ ಹುಡುಗರು ನಮ್ಮ ಪ್ರತಿ ಕಾಲೇಜಿನಲ್ಲೂ ಇದ್ದಾರೆ. ಸಂಜೆ ಬಟ್ಟೆ ಅಂಗಡಿಯಲ್ಲಿ ನಿಲ್ಲುವ ಹುಡುಗಿಯರು ಇದ್ದಾರೆ. ಭಾನುವಾರದ ಕೆಲಸ ಬಿಟ್ಟು ಬನ್ನಿ ಎಂದು ಅವರಿಗೆ ಹೇಳುವುದೆಂದರೆ ಆ ದಿನದ ಕೂಲಿ ಬಿಡಿ ಎಂದ ಹಾಗೆ. ಸ್ಟೈಪೆಂಡ್ ಇಲ್ಲದ ಕಾರ್ಯಕ್ರಮಕ್ಕೆ ಕೊನೆಗೆ ಉಳಿಯುವುದು ಮನೆಯಲ್ಲಿ ಅನುಕೂಲ ಇರುವವರು ಮಾತ್ರ. ಕಾಲೊನಿಯಿಂದ, ಬೀಡಿ ಕಟ್ಟುವ ಮನೆಯಿಂದ ಬಂದ ವಿದ್ಯಾರ್ಥಿಗಳಿಗೆ ಆ ಜನರ ಕಷ್ಟ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅವರೇ ಹೊರಗೆ ಉಳಿಯುತ್ತಾರೆ.

ಆದ್ದರಿಂದ ಕೇಳಿ. ಸ್ಟೈಪೆಂಡ್ ಆಗದಿದ್ದರೆ ಬಸ್ ಖರ್ಚು ಮತ್ತು ಮಧ್ಯಾಹ್ನದ ಊಟ ಕೊಡುತ್ತೀರಾ ಎಂದು ಕೇಳಿ. ನೇರವಾಗಿ ಕೇಳಿದರೆ ಒಳ್ಳೆಯ ಸಂಸ್ಥೆ ಬೇಸರ ಮಾಡಿಕೊಳ್ಳುವುದಿಲ್ಲ. ಸ್ಕಾಲರ್‌ಶಿಪ್ ಪಡೆಯುತ್ತಿರುವವರು ಅದರ ಷರತ್ತುಗಳನ್ನು ಒಮ್ಮೆ ಓದಿಕೊಳ್ಳಿ, ಬೇರೆ ಕಡೆಯ ನೆರವು ಪಡೆಯುವಂತಿಲ್ಲ ಎಂದು ಕೆಲವದರಲ್ಲಿ ಇರುತ್ತದೆ. ಇನ್ನೊಂದು ಮಾತು. ಸೇರಲು ನಿಮ್ಮಿಂದಲೇ ದುಡ್ಡು ಕೇಳುವ, ದುಡ್ಡು ಕೊಟ್ಟರೆ ಸರ್ಟಿಫಿಕೇಟ್ ಕಳಿಸುವ ಆನ್‌ಲೈನ್ ಇಂಟರ್ನ್‌ಶಿಪ್‌ಗಳಿಂದ ದೂರ ಇರಿ. ನಿಮ್ಮ ನಂಬರ್ ಕೊಟ್ಟು ಪರಿಚಯದವರಿಂದ ಚಂದಾ ಎತ್ತಿಸುವುದನ್ನೇ ಇಂಟರ್ನ್‌ಶಿಪ್ ಎನ್ನುವವರಿಂದಲೂ ದೂರ ಇರಿ.

ಯಾವ ಸಂಸ್ಥೆ?

ಎನ್‌ಎಸ್‌ಎಸ್ ಬಿಟ್ಟು ಉಳಿದ ದಾರಿ ಹಿಡಿದರೆ ಈ ಪ್ರಶ್ನೆ ಬರುತ್ತದೆ. ಸೇವಾ ಸಂಸ್ಥೆ ಕಟ್ಟುವ ವಿಷಯದಲ್ಲಿ ಈ ಊರಿಗೆ ಹಳೆಯ ಬೇರುಗಳಿವೆ. ಕುದ್ಮುಲ್ ರಂಗರಾಯರು 1897ರಲ್ಲೇ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಶಾಲೆಯ ಒಳಗೆ ಬಿಟ್ಟುಕೊಳ್ಳದ ದಲಿತ ಮಕ್ಕಳಿಗೆ ಶಾಲೆ ತೆರೆದರು. ಅವರ ಕಾಲಕ್ಕೆ ಬೆಂಬಲಕ್ಕಿಂತ ವಿರೋಧವೇ ಜಾಸ್ತಿ ಇತ್ತು.

ದೊಡ್ಡ ಸಂಸ್ಥೆಗಳಲ್ಲಿ ವ್ಯವಸ್ಥೆ ಇರುತ್ತದೆ. 1982ರಲ್ಲಿ ಶುರುವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಹರಹು ರಾಜ್ಯದ ಉದ್ದಕ್ಕೂ ಇದೆ. ಮಣಿಪಾಲದ ಭಾರತೀಯ ವಿಕಾಸ ಟ್ರಸ್ಟ್ ಗ್ರಾಮೀಣ ತರಬೇತಿಯಲ್ಲಿ ಹಳಬರು. ಸ್ವಸಹಾಯ ಸಂಘ, ಸಾಲದ ಲೆಕ್ಕ, ಕೃಷಿ ತರಬೇತಿ ಕಲಿಯಬೇಕು ಎನ್ನುವ ಬಿ.ಕಾಂ., ಎಂ.ಕಾಂ. ವಿದ್ಯಾರ್ಥಿಗಳಿಗೆ ಇಂಥ ಜಾಗ ಸರಿ. ನೀವು ಮಾಡಿದ್ದು ದಾಖಲೆಯಲ್ಲಿ ಉಳಿಯುತ್ತದೆ. ಆದರೆ ದೊಡ್ಡ ಕಡೆ ವಿದ್ಯಾರ್ಥಿಗೆ ಸಿಗುವುದು ಒಂದು ಸಣ್ಣ ತುಂಡು ಕೆಲಸ.

ಸಣ್ಣ ಸಂಸ್ಥೆಗಳಲ್ಲಿ ಎಲ್ಲವನ್ನೂ ಮಾಡಬೇಕಾಗುತ್ತದೆ. ಉಡುಪಿ ಜಿಲ್ಲೆಯ ಪೆರ್ನಾಲಿನ ಸಮಗ್ರ ಗ್ರಾಮೀಣ ಆಶ್ರಮ ಕೊರಗ ಬುಡಕಟ್ಟು ಸಮುದಾಯದ ಜೊತೆ ಬಹಳ ಕಾಲದಿಂದ ಕೆಲಸ ಮಾಡಿದ ಸಂಸ್ಥೆ. ಕೊರಗರನ್ನು ಕೀಳಾಗಿ ಕಂಡು ಅವಮಾನದ ಕೆಲಸ ಮಾಡಿಸುವ ಅಜಲು ಪದ್ಧತಿಯನ್ನು ರಾಜ್ಯ ಸರ್ಕಾರ ಕಾಯ್ದೆ ತಂದು ನಿಷೇಧಿಸಿದ್ದು 2000ದಲ್ಲಿ. ಕಾಯ್ದೆ ಬಂದ ಮೇಲೂ ಭೂಮಿ, ಆರೋಗ್ಯ, ಓದು ಎಲ್ಲದಕ್ಕೂ ಆ ಜನ ಹೋರಾಡಬೇಕಾಗಿದೆ. ಇಂಥ ಕಡೆ ಹೋಗುವವರು ಕಲಿಸಲು ಹೋಗಬಾರದು. ಸಮುದಾಯದ ಮುಂದಾಳುಗಳು ಹೇಳಿದ ಕೆಲಸವನ್ನು ಮಾಡಬೇಕು. ಅರ್ಜಿ ಬರೆಯುವುದು, ದಾಖಲೆ ಜೋಡಿಸುವುದು, ತಾಲ್ಲೂಕು ಕಚೇರಿಗೆ ಜೊತೆಗೆ ಹೋಗುವುದು. ಕಾಲೊನಿಗೆ ಹೋಗಿ ಫೋಟೊ ತೆಗೆದು ಸ್ಟೇಟಸ್ ಹಾಕುವುದು ಮಾತ್ರ ಬೇಡ.

ಮಕ್ಕಳ ವಿಷಯದಲ್ಲಿ ಆಸಕ್ತಿ ಇರುವವರಿಗೆ ನಮ್ಮ ಎರಡು ಜಿಲ್ಲೆಗಳಲ್ಲಿ ಒಳ್ಳೆಯ ಪರಂಪರೆ ಇದೆ. 1990ರ ದಶಕದಲ್ಲಿ ಕುಂದಾಪುರ ಕಡೆ ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಸಂಸ್ಥೆಯ ಜೊತೆ ಮಕ್ಕಳ ಪಂಚಾಯತಿಗಳು ಹುಟ್ಟಿದವು. ತೋಡು ದಾಟಲು ಕಾಲುಸಂಕ ಬೇಕು, ಶಾಲೆಗೆ ಹೋಗುವ ದಾರಿ ಸರಿಯಿಲ್ಲ ಎಂದು ಮಕ್ಕಳೇ ದೊಡ್ಡವರ ಮುಂದೆ ಹೇಳುವ ಸಭೆಗಳಿಗೆ ದಾರಿಯಾಯಿತು. ಈಗ ಮಕ್ಕಳ ಗ್ರಾಮಸಭೆ ರಾಜ್ಯದ ಎಲ್ಲ ಪಂಚಾಯತಿಗಳೂ ನಡೆಸಬೇಕಾದ ಸಭೆ. ಮಂಗಳೂರಿನಲ್ಲಿ ಪಡಿ ಸಂಸ್ಥೆ ಮಕ್ಕಳ ಹಕ್ಕು, ಎಸ್‌ಡಿಎಂಸಿಗಳ (ಶಾಲಾಭಿವೃದ್ಧಿ ಸಮಿತಿಗಳ) ಬಗ್ಗೆ ಕೆಲಸ ಮಾಡಿದೆ. ಮೈಕ್ ಮುಂದೆ ಮಾತಾಡಲು ಇಷ್ಟವಿದ್ದರೆ ಸಂತ ಅಲೋಶಿಯಸ್‌ನ ರೇಡಿಯೊ ಸಾರಂಗ್, ಮಣಿಪಾಲದ ರೇಡಿಯೊ ಮಣಿಪಾಲ್ ಎಂಬ ಸಮುದಾಯ ಬಾನುಲಿಗಳಿವೆ. ಮೀನು ಮಾರುವ ಅಕ್ಕನನ್ನು, ಆಟೊ ಓಡಿಸುವ ಅಣ್ಣನನ್ನು ಮಾತಾಡಿಸಿ ಅವರ ಬೀದಿಯ ಸಮಸ್ಯೆ ಹೊರಗೆ ತರುವುದೂ ನಾಗರಿಕ ಕೆಲಸವೇ.

ಸಂಸ್ಥೆ ಯಾವುದೇ ಆಗಲಿ, ನಾನು ಒಂದು ವಿಷಯ ನೋಡುತ್ತೇನೆ. ಅವರು ಜನರಿಗೆ ಕಿಟ್ ಹಂಚಿ ಬರುತ್ತಾರಾ, ಅಥವಾ ಜನರನ್ನು ಗ್ರಾಮಸಭೆಗೆ ಕರೆದುಕೊಂಡು ಹೋಗುತ್ತಾರಾ? ಪ್ರವಾಹ ಬಂದಾಗ ಕಿಟ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಲಿಯಲು ಹೋಗುವ ವಿದ್ಯಾರ್ಥಿ ಎರಡನೇ ತರಹದ ಸಂಸ್ಥೆಯನ್ನು ಹುಡುಕಬೇಕು. 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆಯಂತೆ ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರುವಂತಿಲ್ಲ. ಅಲ್ಲಿ ಒಬ್ಬ ಹೆಂಗಸು ಎದ್ದು ನಿಂತು ನೀರಿನ ಬಗ್ಗೆ ಕೇಳಿ, ಅದು ನಡಾವಳಿಯಲ್ಲಿ ದಾಖಲಾದರೆ, ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಓ) ಉತ್ತರ ಕೊಡಲೇಬೇಕಾಗುತ್ತದೆ. ನಗರದಲ್ಲೂ ವಾರ್ಡ್ ಸಮಿತಿಗೆ ಕಾನೂನಿನಲ್ಲಿ ಜಾಗ ಇದೆ. ಮಂಗಳೂರು ಪಾಲಿಕೆಯಲ್ಲಿ 60 ವಾರ್ಡ್‌ಗಳು, ಉಡುಪಿ ನಗರಸಭೆಯಲ್ಲಿ 35. ನಿಮ್ಮ ಹಾಸ್ಟೆಲ್ ಯಾವ ವಾರ್ಡಿನಲ್ಲಿದೆ ಎಂದು ಗೊತ್ತಾ? ಅಲ್ಲಿಂದಲೇ ಶುರು ಮಾಡಬಹುದು.

ಸೇರುವ ಮೊದಲು ಕೇಳಬೇಕಾದ್ದು

ನನ್ನ ಕೆಲಸ ಯಾರು ನೋಡಿಕೊಳ್ಳುತ್ತಾರೆ? ಇದು ಮೊದಲ ಪ್ರಶ್ನೆ. ಒಬ್ಬರ ಹೆಸರು ಹೇಳಬೇಕು, ಅವರು ವಾರಕ್ಕೊಮ್ಮೆ ಅರ್ಧ ಗಂಟೆ ನಿಮ್ಮ ಜೊತೆ ಕೂರಬೇಕು. ಎಲ್ಲರೂ ಇದ್ದಾರೆ, ಯಾರನ್ನಾದರೂ ಕೇಳಿ ಎಂದರೆ ಯಾರೂ ಇಲ್ಲ ಎಂದೇ ತಿಳಿಯಿರಿ. ಹಿಂದಿನ ವರ್ಷ ಇಲ್ಲಿದ್ದ ವಿದ್ಯಾರ್ಥಿಯ ಜೊತೆ ಮಾತಾಡಬಹುದಾ ಎಂದೂ ಕೇಳಿ. ಮಕ್ಕಳ ಜೊತೆ ಕೆಲಸವಾದರೆ ಮಕ್ಕಳ ರಕ್ಷಣೆಯ ನಿಯಮ ಬರೆದಿಟ್ಟಿದ್ದಾರಾ ಎಂದು ನೋಡಿ. ಮಕ್ಕಳ ಸಹಾಯವಾಣಿ 1098 ನಿಮ್ಮ ಫೋನಿನಲ್ಲಿ ಇರಲಿ.

ಕರಾವಳಿಯಲ್ಲಿ ಇನ್ನೊಂದು ವಿಷಯವನ್ನು ಮುಚ್ಚಿಡದೆ ಮಾತಾಡಬೇಕು. ಬೇರೆ ಬೇರೆ ಧರ್ಮದ ಹುಡುಗ ಹುಡುಗಿಯರು ಒಟ್ಟಿಗೆ ಓಡಾಡಿದರೆ ತಡೆದು ಪ್ರಶ್ನೆ ಮಾಡಿದ ಘಟನೆಗಳು ಇಲ್ಲಿ ಆಗಿವೆ. ಇದಕ್ಕೆ ಹೆದರಿ ತಂಡವನ್ನು ಧರ್ಮದ ಲೆಕ್ಕದಲ್ಲಿ ಒಡೆಯುವ ಸಂಸ್ಥೆಗೆ ನಾನು ಯಾರನ್ನೂ ಕಳಿಸುವುದಿಲ್ಲ. ಒಟ್ಟಿಗೆ ಕೆಲಸ ಮಾಡುವುದನ್ನು ಕಲಿಯುವುದೇ ಇಲ್ಲಿ ಮುಖ್ಯ. ಆದರೆ ಸಿದ್ಧತೆ ಬೇಕು. ಗುರುತಿನ ಚೀಟಿ, ಸಂಸ್ಥೆಯ ಪತ್ರ, ಹೋಗುವ ಊರಿನ ಪಂಚಾಯತ್ ಸದಸ್ಯರಿಗೋ ಆಶಾ ಕಾರ್ಯಕರ್ತೆಗೋ ಮೊದಲೇ ಮಾಹಿತಿ, ತೊಂದರೆಯಾದರೆ ತಕ್ಷಣ ಫೋನೆತ್ತುವ ಹಿರಿಯರು ಒಬ್ಬರು. ಇದನ್ನೆಲ್ಲ ಯೋಚಿಸಿದ ಸಂಸ್ಥೆ ನಿಮ್ಮ ಪ್ರಶ್ನೆಗೆ ಕೂಡಲೇ ಉತ್ತರ ಕೊಡುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಫಸ್ಟ್ ಇಯರ್‌ನಲ್ಲಿ ಇದ್ದು, ಇಂಥ ಕೆಲಸ ಹೊಸದಾಗಿದ್ದರೆ ಎನ್‌ಎಸ್‌ಎಸ್ ಸೇರಿ. ಶಿಬಿರ ತಪ್ಪಿಸಬೇಡಿ. ಮನೆಯಲ್ಲಿ ಸಂಜೆ ಕೆಲಸ, ತಮ್ಮ ತಂಗಿಯರ ಜವಾಬ್ದಾರಿ ಇರುವವರಿಗೂ ಅದೇ ಸರಿ, ಏಕೆಂದರೆ ಹೆಚ್ಚಿನದು ಕಾಲೇಜಿನ ಹೊತ್ತಿನಲ್ಲೇ ಆಗುತ್ತದೆ. ಲ್ಯಾಬ್, ಪ್ರಾಜೆಕ್ಟ್ ಜಾಸ್ತಿ ಇರುವ ಇಂಜಿನಿಯರಿಂಗ್, ನರ್ಸಿಂಗ್ ವಿದ್ಯಾರ್ಥಿಗಳು ರಜೆಯ ಇಂಟರ್ನ್‌ಶಿಪ್ ನೋಡಬಹುದು. ಒಂದು ಸಲಹೆ ಇದೆ: ಎರಡು ರಜೆಗೆ ಎರಡು ಸಂಸ್ಥೆ ಬೇಡ, ಅದೇ ಸಂಸ್ಥೆಗೆ ಮತ್ತೆ ಹೋಗಿ. ಎರಡನೇ ಸಲ ಹೋದಾಗ ಜನ ಗುರುತು ಹಿಡಿಯುತ್ತಾರೆ, ಕೆಲಸವೂ ಬೇರೆ ಸಿಗುತ್ತದೆ.

ಸೆಕೆಂಡ್ ಇಯರ್ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುತ್ತಿರುವವರು, ವಾರದಲ್ಲಿ ಎರಡು ಮಧ್ಯಾಹ್ನ ಬಿಡುವಿರುವವರು ವರ್ಷದ ಫೆಲೋಶಿಪ್ ಬಿಡಬೇಡಿ. ಸಿದ್ಧ ಕಾರ್ಯಕ್ರಮ ಸಿಗದಿದ್ದರೆ ಕಾಲೇಜು, ಸಂಸ್ಥೆ, ನೀವು ಮೂವರ ನಡುವೆ ಒಂದು ಪುಟದ ಪತ್ರ ಮಾಡಿಕೊಳ್ಳಿ. ಅದರಲ್ಲಿ ವಾರದ ದಿನ ಮತ್ತು ಗಂಟೆ, ಜಾಗ, ನೋಡಿಕೊಳ್ಳುವವರ ಹೆಸರು, ಬಸ್ ಖರ್ಚು ಯಾರದು, ಪರೀಕ್ಷೆಯ ವಾರಗಳಲ್ಲಿ ರಜೆ, ವರ್ಷದ ಕೊನೆಗೆ ನೀವು ಏನು ಬರೆದು ಕೊಡುತ್ತೀರಿ ಎಂದು ಇರಲಿ. ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ. ಸಹಿ ಇದ್ದರೆ ಅಟೆಂಡೆನ್ಸ್ ಮಾತು ಬಂದಾಗ ಉಪಯೋಗಕ್ಕೆ ಬರುತ್ತದೆ. ಸಾಧ್ಯವಾದರೆ ಒಬ್ಬರೇ ಹೋಗಬೇಡಿ, ಇಬ್ಬರು ಮೂವರು ಗೆಳೆಯರು ಒಂದೇ ಸಂಸ್ಥೆಗೆ ಹೋಗಿ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಹೋಗಬಹುದು, ವಾರ ತಪ್ಪುವುದಿಲ್ಲ.

ಫೈನಲ್ ಇಯರ್‌ನವರು ದೊಡ್ಡ ಫೆಲೋಶಿಪ್‌ಗಳಿಗೆ ಅರ್ಜಿ ಹಾಕಲು ಡಿಗ್ರಿ ಮುಗಿಯುವವರೆಗೆ ಕಾಯಬೇಡಿ, ಟೀಚ್ ಫಾರ್ ಇಂಡಿಯಾದಂಥವು ಕೊನೆಯ ವರ್ಷದಲ್ಲಿ ಇರುವವರ ಅರ್ಜಿಯನ್ನೂ ತೆಗೆದುಕೊಳ್ಳುತ್ತವೆ.

ಸಂಸ್ಥೆಗಳನ್ನು ಕೇಳಲು ಒಳ್ಳೆಯ ಹೊತ್ತು ಸೆಮಿಸ್ಟರ್ ಶುರುವಾಗುವ ಮೊದಲ ವಾರಗಳು. ಮೇಲ್ ಕಳಿಸಿ ಕಾಯುವುದಕ್ಕಿಂತ ಫೋನ್ ಮಾಡಿ ಒಮ್ಮೆ ಹೋಗಿ ಬರುವುದು ಲೇಸು. ಹೋದಾಗ ನಿಮಗೆ ಏನು ಬರುತ್ತದೆ ಎಂದು ಹೇಳಿ: ಟ್ಯಾಲಿ ಬರುತ್ತದೆ, ತುಳು ಬರುತ್ತದೆ, ಸ್ಕೂಟರ್ ಇದೆ, ಮಕ್ಕಳಿಗೆ ಲೆಕ್ಕ ಹೇಳಿಕೊಡಬಲ್ಲೆ. ಮೊದಲ ತಿಂಗಳು ನೀವೂ ಸಂಸ್ಥೆಯವರೂ ಪರಸ್ಪರ ಹೊಂದುತ್ತದಾ ಎಂದು ನೋಡಿಕೊಳ್ಳುವ ತಿಂಗಳು ಎಂದು ಮೊದಲೇ ಮಾತಾಡಿಕೊಳ್ಳಿ. ತಿಂಗಳ ಕೊನೆಗೆ ಆಗುವುದಿಲ್ಲ ಎನಿಸಿದರೆ ಆಗಲೇ ಬಾಯಿಬಿಟ್ಟು ಹೇಳಿ. ಮಕ್ಕಳು ನಿಮ್ಮ ದಾರಿ ಕಾಯಲು ಶುರು ಮಾಡಿದ ಮೇಲೆ ಸದ್ದಿಲ್ಲದೆ ನಿಲ್ಲಿಸಬೇಡಿ.